ಮೇ ತಿಂಗಳಲ್ಲಿ ನೋಡಿದ ಮನೆ

ಪಾಲನಾ ಸಂಸ್ಥೆಯಲ್ಲಿದ್ದ ಮಕ್ಕಳನ್ನು ಮನೆಗೆ ವಾಪಸ್ ಕಳಿಸಲು ಹೊರಟ ಒಂದು ಪ್ರಕರಣ ಇದು. ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ಸಂಸ್ಥೆ, ಊರು, ಮಕ್ಕಳ ವಯಸ್ಸು, ಕೆಲವು ಲೆಕ್ಕ ಎಲ್ಲ ಸ್ವಲ್ಪ ಬದಲಿಸಿದ್ದೇನೆ. ಇಂಥ ಮಕ್ಕಳ ಗುರುತು ಹೊರಗೆ ಬರಬಾರದು ಅಂತ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಹೇಳುತ್ತದೆ, ಅದು ಹೇಳದಿದ್ದರೂ ಬದಲಿಸುತ್ತಿದ್ದೆ. ಬದಲಿಸದೆ ಬಿಟ್ಟಿದ್ದು ಒಂದೇ: ಯಾವ ತಿಂಗಳಲ್ಲಿ ಏನಾಯಿತು ಅನ್ನೋದು. ಈ ಪ್ರಕರಣದಲ್ಲಿ ನಾನು ಎಡವಿದ್ದೇ ತಿಂಗಳ ಲೆಕ್ಕದಲ್ಲಿ.

ಕೆಲಸ ಬಂದ ಬಗೆ

ನಾನು ಹದಿನಾಲ್ಕು ವರ್ಷ ಮಕ್ಕಳ ರಕ್ಷಣೆಯ ಸಂಸ್ಥೆಗಳಲ್ಲಿ ಸಂಬಳಕ್ಕೆ ದುಡಿದು ಆಮೇಲೆ ಕನ್ಸಲ್ಟೆಂಟ್ ಆದವಳು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರಲ್ಲಿ ಇದು ಮಾಮೂಲಿ. ನಲವತ್ತು ದಾಟಿದ ಮೇಲೆ ಓಡಾಟ ಸಾಕು, ಮನೆಯಲ್ಲಿ ಕೂತು ರಿಪೋರ್ಟ್ ಬರೆಯೋಣ ಅಂದುಕೊಳ್ಳುತ್ತೇವೆ. ಓಡಾಟ ಹಾಗೇ ಉಳಿಯುತ್ತದೆ, ತಿಂಗಳ ಸಂಬಳ ಮಾತ್ರ ಹೋಗುತ್ತದೆ.

2023ರ ಮಾರ್ಚ್‌ನಲ್ಲಿ ಕಲ್ಯಾಣ ಕರ್ನಾಟಕದ ಒಂದು ಟ್ರಸ್ಟ್‌ನಿಂದ ಫೋನ್ ಬಂತು. ಅವರು ಹೆಣ್ಣುಮಕ್ಕಳ ಒಂದು ಪಾಲನಾ ಸಂಸ್ಥೆ ನಡೆಸುತ್ತಿದ್ದರು. 41 ಮಕ್ಕಳು, ನೋಂದಣಿ ಸರಿಯಾಗಿತ್ತು, ಊಟ ಚೆನ್ನಾಗಿತ್ತು. ಖರ್ಚಿನ ದೊಡ್ಡ ಭಾಗ ಒಂದು ಕಂಪನಿಯ ಸಿಎಸ್‌ಆರ್ ಹಣದಿಂದ, ಅಂದರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಎತ್ತಿಡುವ ಹಣದಿಂದ, ಬರುತ್ತಿತ್ತು. ಆ ವರ್ಷ ಕಂಪನಿಯವರು ಹೊಸ ಷರತ್ತು ಹಾಕಿದ್ದರು. ಹನ್ನೆರಡು ತಿಂಗಳಲ್ಲಿ ನೂರಕ್ಕೆ 60 ಮಕ್ಕಳು ಕುಟುಂಬಕ್ಕೆ ವಾಪಸ್ ಹೋಗಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಹಣದ ಬಗ್ಗೆ ಯೋಚಿಸಬೇಕಾಗುತ್ತದೆ.

ಷರತ್ತಿನ ಹಿಂದಿನ ಯೋಚನೆ ತಪ್ಪಲ್ಲ. ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ ಆಗಬೇಕು ಅಂತ 2015ರ ಕಾಯ್ದೆಯೇ ಹೇಳುತ್ತದೆ. ನಾನೂ ಅದನ್ನೇ ನಂಬಿದವಳು, ಎಷ್ಟೋ ತರಬೇತಿಗಳಲ್ಲಿ ಅದನ್ನೇ ಹೇಳಿದವಳು. ಹಾಗಾಗಿ ಒಪ್ಪಿಕೊಂಡೆ. ವರ್ಷದಲ್ಲಿ 45 ದಿನದ ಕೆಲಸ, ಮೂರು ಕಂತಿನಲ್ಲಿ ಫೀಸು. ಎರಡನೇ ಕಂತಿಗೆ ಒಂದು ಗಂಟು ಇತ್ತು: ಎಷ್ಟು ಮಕ್ಕಳು ಮನೆಗೆ ಹೋದರು ಅನ್ನುವ ಲೆಕ್ಕ ಅರ್ಧದಷ್ಟಾದರೂ ಮುಟ್ಟಿದ ಮೇಲೆ ಅದು ಕೈಗೆ ಬರುತ್ತದೆ. ಓದಿದೆ, ಮನಸ್ಸಿಗೆ ಸ್ವಲ್ಪ ಕಿರಿಕಿರಿ ಆಯಿತು, ಆದರೂ ಸಹಿ ಹಾಕಿದೆ. ಮಗಳ ಕಾಲೇಜಿನ ಫೀಸು ಕಟ್ಟುವ ತಿಂಗಳು ಅದು. ಇದನ್ನೂ ಇಲ್ಲಿ ಬರೆಯಬೇಕು ಅನ್ನಿಸಿತು, ಯಾಕೆಂದರೆ ಕನ್ಸಲ್ಟೆಂಟ್‌ಗಳು ಬರೆಯುವ ಪ್ರಕರಣಗಳಲ್ಲಿ ಕನ್ಸಲ್ಟೆಂಟ್‌ಗೆ ಯಾವತ್ತೂ ದುಡ್ಡಿನ ಅವಸರ ಇರೋದಿಲ್ಲ.

ಫೈಲು ಹೇಳಿದ್ದು, ಮನೆ ಹೇಳಿದ್ದು

ಮೊದಲ ಮೂರು ವಾರ ಫೈಲು ಓದಿದೆ. 41ರಲ್ಲಿ 7 ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. 5 ಮಕ್ಕಳಿಗೆ ಮನೆಯೇ ಅಪಾಯದ ಜಾಗ, ಅವರ ವಿಷಯದಲ್ಲಿ ಕೇಸು ನಡೆಯುತ್ತಿತ್ತು. ಉಳಿದ 29 ಮಕ್ಕಳಿಗೆ ಅಮ್ಮನೋ ಅಪ್ಪನೋ ಬದುಕಿದ್ದರು. ಜಾಸ್ತಿ ಅಮ್ಮಂದಿರೇ. ಈ 29 ಫೈಲುಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಕಣ್ಣಿಗೆ ಬಿತ್ತು: "ತಾಯಿ ನಿಯಮಿತವಾಗಿ ಭೇಟಿ ನೀಡುವುದಿಲ್ಲ, ಆಸಕ್ತಿ ಕಡಿಮೆ." ಯಾರೋ ಒಬ್ಬರು ಒಮ್ಮೆ ಬರೆದಿದ್ದನ್ನು ಆಮೇಲಿನವರು ನಕಲು ಹೊಡೆದಿದ್ದರು. ಇಂಥ ಸಾಲು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬಡವರಿಗೆ ಆಸಕ್ತಿ ಇಲ್ಲ ಅಂತ ಬರೆಯೋದು ಸುಲಭ ಅಲ್ವಾ. ಆ ಸಿಟ್ಟಿನಲ್ಲೇ, ಈ ಸಾಲು ಸುಳ್ಳು ಅಂತ ತೋರಿಸಿಯೇ ಬಿಡುತ್ತೇನೆ ಅಂತ ಹೊರಟೆ.

ಮನೆ ಭೇಟಿಗಳು ನಡೆದಿದ್ದು ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ. ಜೂನ್‌ಗೆ ಶಾಲೆ ಶುರುವಾಗುವ ಮೊದಲು ಮಕ್ಕಳನ್ನು ಮನೆಗೆ ಸೇರಿಸಬೇಕು, ವರ್ಷದ ಮಧ್ಯೆ ಶಾಲೆ ಬದಲಿಸಬಾರದು ಅನ್ನೋದು ನನ್ನ ಲೆಕ್ಕ. ಕಾಗದದ ಮೇಲೆ ಇದು ತುಂಬಾ ಸರಿಯಾದ ಲೆಕ್ಕ. ನನ್ನ ಚೆಕ್‌ಲಿಸ್ಟ್‌ನಲ್ಲಿ 22 ಪ್ರಶ್ನೆ ಇದ್ದವು. ಸೂರು ಸೋರುತ್ತದಾ, ಶೌಚಾಲಯ ಇದೆಯಾ, ಕುಡಿಯೋರು ಯಾರಾದರೂ ಇದ್ದಾರಾ, ಶಾಲೆ ಎಷ್ಟು ದೂರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಅಕ್ಕಪಕ್ಕದವರು ಏನಂತಾರೆ, ಹೀಗೆ. ಹೋದ ಮನೆಗಳಲ್ಲೆಲ್ಲ ಅಮ್ಮಂದಿರು ಸಿಕ್ಕರು. ಬಾಗಿಲು ತೆಗೆದಿತ್ತು, ಒಲೆ ಉರಿಯುತ್ತಿತ್ತು. ಮಗಳ ಸುದ್ದಿ ಎತ್ತಿದರೆ ಕಣ್ಣಲ್ಲಿ ನೀರು. ಆಸಕ್ತಿ ಇಲ್ಲ ಅಂತ ಬರೆದವರನ್ನು ಕರೆದುಕೊಂಡು ಬಂದು ತೋರಿಸಬೇಕು ಅನ್ನಿಸಿತು.

ಮೊದಲ ಸುತ್ತಿಗೆ ನಾಲ್ಕು ಕುಟುಂಬದ ಆರು ಮಕ್ಕಳನ್ನು ಆರಿಸಿದೆ. ಅದರಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ಅಕ್ಕನಿಗೆ 11, ತಂಗಿಗೆ 8. ಅಪ್ಪ ತೀರಿಹೋಗಿ ನಾಲ್ಕು ವರ್ಷ. ಅಮ್ಮ ಅತ್ತೆಯ ಜೊತೆ ಇದ್ದಳು. ಒಂದೂವರೆ ಎಕರೆ ಒಣ ಜಮೀನು, ಅದರ ಮೇಲೆ ಸಾಲ. ಮನೆ ಚಿಕ್ಕದು, ಆದರೆ ಒಪ್ಪವಾಗಿತ್ತು. ನನ್ನ 22 ಪ್ರಶ್ನೆಯಲ್ಲಿ 19ಕ್ಕೆ ಒಳ್ಳೆ ಉತ್ತರ ಸಿಕ್ಕಿತು.

ಟ್ರಸ್ಟ್‌ನ ಕಾರ್ಯದರ್ಶಿ ಮಾತ್ರ ತಲೆ ಅಲ್ಲಾಡಿಸಿದರು. "ಮೇಡಂ, ಈ ಕಡೆ ಹಂಗೆಲ್ಲ ಆಗಂಗಿಲ್ರಿ. ಮನೀಗೆ ಕಳಿಸಿದ್ರೂ ಮತ್ತ ಬರ್ತಾವ." ಯಾಕೆ ಸರ್ ಅಂದರೆ ಸರಿಯಾಗಿ ಬಿಡಿಸಿ ಹೇಳಲಿಲ್ಲ. ಮಕ್ಕಳು ಕಡಿಮೆಯಾದರೆ ಇವರ ಅನುದಾನ ಕಡಿಮೆಯಾಗುತ್ತದೆ, ಅದಕ್ಕೇ ಹೀಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಅದು ಸುಳ್ಳೂ ಅಲ್ಲ, ಆ ಭಯ ಅವರಿಗೆ ಇದ್ದೇ ಇತ್ತು. ಆದರೆ ಒಬ್ಬ ಮನುಷ್ಯನಿಗೆ ಸ್ವಾರ್ಥವೂ ಇರಬಹುದು, ಅವನು ಹೇಳೋದು ನಿಜವೂ ಇರಬಹುದು. ಇದು ಆಗ ನನ್ನ ತಲೆಗೆ ಹೋಗಲಿಲ್ಲ. ಹೊರಗಿನಿಂದ ಬಂದ ಕನ್ಸಲ್ಟೆಂಟ್‌ಗೆ ಒಳಗಿನವರ ಸ್ವಾರ್ಥ ಮೊದಲ ದಿನವೇ ಕಾಣುತ್ತದೆ, ಅವರ ತಿಳಿವಳಿಕೆ ಕಾಣಲು ತಿಂಗಳು ಬೇಕು.

ಇಂಥ ಮಕ್ಕಳು ಎಲ್ಲಿರಬೇಕು ಅಂತ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವರನ್ನು ಹಾಜರುಪಡಿಸಿ, ವರದಿ ಕೊಟ್ಟು, ಆದೇಶ ತಗೊಂಡು ಮೇ ಕೊನೆಯ ವಾರ ಆರೂ ಮಕ್ಕಳನ್ನು ಮನೆಗೆ ಬಿಟ್ಟೆವು. ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಯೋಜನೆಯ ಪ್ರಾಯೋಜಕತ್ವಕ್ಕೆ, ಅಂದರೆ ಮಗುವನ್ನು ಮನೆಯಲ್ಲೇ ಸಾಕಲು ಕೊಡುವ ಸಹಾಯಧನಕ್ಕೆ, ಅರ್ಜಿ ಹಾಕಿದ್ದೆವು. ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಹಳ್ಳಿಯ ಕುಟುಂಬ ಆದರೆ ವರ್ಷದ ಆದಾಯ 72,000 ದಾಟಬಾರದು. ಇಬ್ಬರು ಮಕ್ಕಳಿಗೆ 8,000 ಅಂದರೆ ಆ ಮನೆಗೆ ಅದು ದೊಡ್ಡ ದುಡ್ಡು. ನನ್ನ ಇಡೀ ಯೋಜನೆ ಆ ಎಂಟು ಸಾವಿರದ ಮೇಲೆ ನಿಂತಿತ್ತು. ಅದು ಬಂದಿಲ್ಲ, ಬರಬೇಕು, ಬರುತ್ತದೆ ಅನ್ನುವ ಹಂತದಲ್ಲೇ ಮಕ್ಕಳನ್ನು ಕಳಿಸಿದ್ದೆ.

ಜೀಪಿನಲ್ಲಿ ಹೋಗುವಾಗ ತಂಗಿ ಕೇಳಿದಳು, "ಅಕ್ಕಾರ, ಮತ್ತ ಇಲ್ಲಿಗೆ ಕರ್ಕೊಂಡ್ ಬರ್ತೀರೇನ್ರಿ?" ಇಲ್ಲ ಪುಟ್ಟಿ, ಇನ್ನು ಮನೆಯಲ್ಲೇ ಅಂದೆ. ಅವಳು ಯಾವ ಉತ್ತರ ಬೇಕು ಅಂತ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೀಪಾವಳಿ ಆದ ಮೇಲೆ

ಜುಲೈನಲ್ಲಿ, ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿದೆವು. "ಆರಾಮ ಅದಾರ್ರಿ" ಅಂದರು. ಖುದ್ದು ಹೋಗಬೇಕಿತ್ತು. ನನ್ನ 45 ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು, ಉಳಿದ ದಿನಗಳನ್ನು ಎರಡನೇ ಸುತ್ತಿನ ಮಕ್ಕಳಿಗೆ ಎತ್ತಿಟ್ಟಿದ್ದೆ. ಸಂಖ್ಯೆ ಮುಟ್ಟಬೇಕಲ್ಲ.

ಆ ವರ್ಷ ಮಳೆ ಕೈಕೊಟ್ಟಿದ್ದು ನಿಮಗೆ ನೆನಪಿರಬಹುದು. ಸರ್ಕಾರ ರಾಜ್ಯದ 200ಕ್ಕೂ ಜಾಸ್ತಿ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ತೊಗರಿ ಒಣಗಿತು. ಮಾಮೂಲಿ ವರ್ಷದಲ್ಲಿ ಸುಗ್ಗಿ ಮುಗಿಸಿ ಗುಳೆ, ಅಂದರೆ ಕೂಲಿ ಹುಡುಕಿಕೊಂಡು ದೂರದ ಊರಿಗೆ, ಹೊರಡುವ ಜನ ಆ ವರ್ಷ ದಸರಾ ಮುಗಿಸಿಯೇ ಗಂಟು ಕಟ್ಟಿದರು.

ದೀಪಾವಳಿ ಆಗಿ ಒಂದು ವಾರಕ್ಕೆ ಸಂಸ್ಥೆಯ ಅಡುಗೆಯಮ್ಮನ ಫೋನ್‌ಗೆ ಒಂದು ಹೊಸ ನಂಬರಿನಿಂದ ಕರೆ ಬಂತು. ಅಕ್ಕ ಮಾತಾಡಿದ್ದು. ಬೆಂಗಳೂರಲ್ಲಿ ಇದೀವಿ, ದೊಡ್ಡ ಬಿಲ್ಡಿಂಗ್ ಹತ್ರ, ತಂಗಿಗೆ ಜ್ವರ ಅಂದಳಂತೆ. ಮೂರು ವರ್ಷ ಅದೇ ಅಡುಗೆ ಮನೆಯ ಬಾಗಿಲಲ್ಲಿ ಕೂತು ಆ ನಂಬರನ್ನು ಬಾಯಿಪಾಠ ಮಾಡಿದ್ದಳು. ಸಮಿತಿಯ ನಂಬರು, ಮಕ್ಕಳ ಸಹಾಯವಾಣಿ 1098, ನನ್ನ ನಂಬರು ಎಲ್ಲ ಬರೆದ ಚೀಟಿಯನ್ನು ನಾನು ಅವಳ ಅಮ್ಮನ ಕೈಗೆ ಕೊಟ್ಟಿದ್ದೆ. ಚೀಟಿ ಊರಲ್ಲೇ ಉಳಿದಿತ್ತು.

ಎರಡು ದಿನದಲ್ಲಿ ಅವರನ್ನು ಹುಡುಕಿದೆವು. ಊರ ಹೊರಗಿನ ಒಂದು ಅಪಾರ್ಟ್‌ಮೆಂಟ್ ಕೆಲಸದ ಜಾಗ, ಸಾಲಾಗಿ ತಗಡಿನ ಶೆಡ್ಡು. ಅಕ್ಕ ತಂಗಿಯ ಪಕ್ಕ ಕೂತಿದ್ದಳು, ತೊಡೆಯ ಮೇಲೆ ಬೇರೆ ಯಾರದೋ ಕೂಸು. ಪುಣ್ಯಕ್ಕೆ ಜ್ವರ ಇಳಿದಿತ್ತು. ಅಮ್ಮ ಸಂಜೆ ಆರೂವರೆಗೆ ಕೆಲಸ ಮುಗಿಸಿ ಬಂದಳು. ನನ್ನನ್ನು ನೋಡಿ ಗಾಬರಿಯಾದಳು, ಮಕ್ಕಳನ್ನು ಕಿತ್ತುಕೊಂಡು ಹೋಗಲು ಬಂದಿದ್ದಾರೆ ಅಂತ.

ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಬರೆಯುತ್ತೇನೆ. "ಊರಾಗ ಮಳಿ ಇಲ್ರಿ, ಕೂಲಿ ಇಲ್ಲ. ಮೇಸ್ತ್ರಿ ಕಡಿಂದ ಮುಂಗಡ ತಗೊಂಡೀನಿ. ಮೊದ್ಲ ಪ್ರತೀ ವರ್ಷ ಮಕ್ಕಳ್ನ ನಿಮ್ಮಲ್ಲಿ ಬಿಟ್ಟು ಬರ್ತಿದ್ನಿ. ಈ ವರ್ಷ ನೀವ ಬ್ಯಾಡ ಅಂದ್ರಿ."

ನೀವ ಬ್ಯಾಡ ಅಂದ್ರಿ. ನನ್ನ ವರದಿಯಲ್ಲಿ ಇದಕ್ಕೆ ಕುಟುಂಬ ಮರುಸೇರ್ಪಡೆ ಅಂತ ಹೆಸರಿತ್ತು. ಅವಳ ಲೆಕ್ಕದಲ್ಲಿ ಇದ್ದ ಒಂದು ಆಸರೆ ತಪ್ಪಿತು, ಅಷ್ಟೇ.

ಪ್ರಾಯೋಜಕತ್ವದ ಹಣ ಅಲ್ಲಿಯವರೆಗೂ ಒಂದು ರೂಪಾಯಿ ಬಂದಿರಲಿಲ್ಲ. ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 316 ರೂಪಾಯಿ ಕೂಲಿ ಇತ್ತು, ಆದರೆ ಅದು ಕೆಲಸ ಮಾಡಿದ ಮೇಲೆ, ಖಾತೆಗೆ, ಯಾವಾಗಲೋ ಬರುವ ದುಡ್ಡು. ಮೇಸ್ತ್ರಿಯ ಮುಂಗಡ ಕೆಲಸಕ್ಕೆ ಮೊದಲೇ, ಕೈಗೆ, ಇವತ್ತೇ ಸಿಗುತ್ತದೆ. ಸಾಲಗಾರ ಬಾಗಿಲಲ್ಲಿ ಕೂತಾಗ ಈ ಎರಡನ್ನು ಹೋಲಿಸುವ ಪ್ರಶ್ನೆಯೇ ಬರೋದಿಲ್ಲ. ಗೃಹಲಕ್ಷ್ಮಿಯ 2,000 ಆಗ ತಾನೇ ಶುರುವಾಗಿತ್ತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇದ್ದದ್ದು ಅತ್ತೆಯ ಹೆಸರು, ಹಾಗಾಗಿ ಅದು ಅತ್ತೆಯ ಖಾತೆಗೆ ಹೋಗುತ್ತಿತ್ತು.

ಭೇಟಿ ಪುಸ್ತಕ

ಗುಳೆ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅದರ ಬಗ್ಗೆ ಒಂದು ವರದಿಯನ್ನೇ ಬರೆದಿದ್ದೇನೆ. ಆದರೆ ಫೈಲು ಓದುವಾಗ ಅದು ಮನಸ್ಸಿಗೆ ಬರಲಿಲ್ಲ, ಮನೆ ನೋಡುವಾಗಲೂ ಬರಲಿಲ್ಲ, ಯಾಕೆಂದರೆ ನಾನು ಹೋದ ಹೊತ್ತಿಗೆ ಎಲ್ಲರೂ ಯುಗಾದಿಗೆ ವಾಪಸ್ ಬಂದು ಊರಲ್ಲೇ ಇದ್ದರು. ಮೇ ತಿಂಗಳಲ್ಲಿ ಆ ಹಳ್ಳಿಗಳು ತುಂಬಿರುತ್ತವೆ. ಮಳೆಗಾಲದ ಬಿತ್ತನೆಗೆ ಜನ ಕಾಯುತ್ತಿರುತ್ತಾರೆ, ಮದುವೆ ಮುಂಜಿ ನಡೆಯುತ್ತಿರುತ್ತವೆ. ಅದೇ ಮನೆಗೆ ಡಿಸೆಂಬರ್‌ನಲ್ಲಿ ಹೋದರೆ ಬೀಗ ಇರುತ್ತದೆ, ಇಲ್ಲವೇ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿರುತ್ತಾಳೆ.

ಬೆಂಗಳೂರಿಂದ ವಾಪಸ್ ಬಂದ ಮೇಲೆ ಒಂದು ರಾತ್ರಿ ಸಂಸ್ಥೆಯ ಭೇಟಿ ಪುಸ್ತಕ ಕೇಳಿ ತಗೊಂಡೆ. ಯಾರು ಯಾವ ಮಗುವನ್ನು ನೋಡಲು ಬಂದರು, ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು, ಅಷ್ಟೇ ಇರುವ ಪುಸ್ತಕ. ಗೇಟಿನ ಪಕ್ಕದ ಮೇಜಿನ ಮೇಲೆ ಎಂಟು ತಿಂಗಳಿಂದ ಬಿದ್ದಿತ್ತು, ನಾನೇ ಪ್ರತೀ ಸಲ ಅದರಲ್ಲಿ ಸಹಿ ಹಾಕಿ ಒಳಗೆ ಹೋಗುತ್ತಿದ್ದೆ. ಮೂರು ವರ್ಷದ ಪುಟಗಳನ್ನು ಮಗುವಿನ ಹೆಸರಿನ ಪ್ರಕಾರ ಬೇರೆ ಮಾಡಿ ಬರೆದುಕೊಂಡೆ.

29 ಮಕ್ಕಳಲ್ಲಿ 16 ಮಕ್ಕಳ ಸಾಲುಗಳು ಒಂದೇ ಥರ ಇದ್ದವು. ಜೂನ್‌ನಿಂದ ನವೆಂಬರ್‌ವರೆಗೆ ತಿಂಗಳಿಗೆ ಒಂದೋ ಎರಡೋ ಭೇಟಿ. ಡಿಸೆಂಬರ್‌ನಿಂದ ಖಾಲಿ. ಯುಗಾದಿ ಆದ ವಾರ ಸಾಲು ಸಾಲು ಹೆಬ್ಬೆಟ್ಟು. "ತಾಯಿ ನಿಯಮಿತವಾಗಿ ಭೇಟಿ ನೀಡುವುದಿಲ್ಲ" ಅಂತ ಬರೆದವರು ಫೆಬ್ರವರಿಯಲ್ಲಿ ಬರೆದಿದ್ದರು. ತಾಯಿ ಯಾವಾಗಲೂ ಇರುತ್ತಾಳೆ ಅಂತ ನಾನು ಮೇನಲ್ಲಿ ಬರೆದೆ. ನಮ್ಮಿಬ್ಬರಿಗೂ ಅರ್ಧ ವರ್ಷ ಕಂಡಿತ್ತು.

ಇನ್ನೂ ಒಂದು ವಿಷಯ ಅಲ್ಲಿ ಗೊತ್ತಾಯಿತು. ಮೊದಲ ಸುತ್ತಿನ ಉಳಿದ ನಾಲ್ಕು ಮಕ್ಕಳು ಮನೆಯಲ್ಲಿ ಚೆನ್ನಾಗಿಯೇ ಇದ್ದರು. ಅವರ ಭೇಟಿಯ ಸಾಲುಗಳಲ್ಲಿ ಡಿಸೆಂಬರ್ ಖಾಲಿ ಇರಲಿಲ್ಲ. ಅವರ ಮನೆಗಳಲ್ಲಿ ವರ್ಷಪೂರ್ತಿ ಯಾರಾದರೂ ದೊಡ್ಡವರು ಇರುತ್ತಿದ್ದರು. 22 ಪ್ರಶ್ನೆ ಕೇಳುವ ಬದಲು ಆ ಪುಸ್ತಕ ಒಂದನ್ನು ಓದಿದ್ದರೆ ಯಾರನ್ನು ಮೊದಲು ಕಳಿಸಬೇಕು ಅನ್ನೋದು ಎರಡು ಗಂಟೆಯಲ್ಲಿ ತಿಳಿಯುತ್ತಿತ್ತು.

ಮುಂದೇನು ಅಂತ ಕೂತಾಗ

ಡಿಸೆಂಬರ್ ಮೊದಲ ವಾರ ಮೂರು ಕಡೆಯವರು ಕೂತೆವು. ಮೂವರಿಗೂ ಬೇರೆ ಬೇರೆ ಬೇಕಿತ್ತು. ಕಾರ್ಯದರ್ಶಿಗೆ ಇಬ್ಬರೂ ಮಕ್ಕಳು ಸಂಸ್ಥೆಗೆ ವಾಪಸ್ ಬರಬೇಕು, ಎರಡನೇ ಸುತ್ತು ನಿಲ್ಲಬೇಕು. ಕಂಪನಿಯ ಸಿಎಸ್‌ಆರ್ ನೋಡಿಕೊಳ್ಳುವ ಹೆಣ್ಣುಮಗಳಿಗೆ, ಮಕ್ಕಳು ಅಮ್ಮನ ಜೊತೆಯೇ ಇದ್ದಾರಲ್ಲ, ಊರು ಬೇರೆ ಅಷ್ಟೇ, ಕುಟುಂಬಕ್ಕೆ ಸೇರಿದವರ ಲೆಕ್ಕದಲ್ಲೇ ಇರಲಿ. ಅವರು ಕೆಟ್ಟವರಲ್ಲ. ಬೋರ್ಡಿನ ಮುಂದೆ ಅವರಿಗೆ ಎರಡು ನಿಮಿಷ ಸಿಗುತ್ತದೆ, ಆ ಎರಡು ನಿಮಿಷಕ್ಕೆ ಒಂದು ಸಂಖ್ಯೆ ಬೇಕು. ಹಾಗಂತ ಅವರೇ ಹೇಳಿದರು.

ನನಗೆ ಏನು ಬೇಕಿತ್ತು? ನಿಜ ಹೇಳಬೇಕೆಂದರೆ, ಎರಡನೇ ಕಂತು. ಈ ಆರು ಮಕ್ಕಳನ್ನು ಹಾಗೇ ಲೆಕ್ಕದಲ್ಲಿ ಇಟ್ಟು, ಅವಸರದಲ್ಲಿ ಇನ್ನೊಂದಷ್ಟು ಮಕ್ಕಳನ್ನು ಕಳಿಸಿದ್ದರೆ ಅದು ಸಿಗುತ್ತಿತ್ತು. ಒಂದು ದಿನ ಪೂರ್ತಿ ಅದೇ ಯೋಚನೆ. ಕೊನೆಗೆ ಇಬ್ಬರ ಮರುಸೇರ್ಪಡೆ ವಿಫಲ ಅಂತ ಬರೆದು, ಜೊತೆಗೆ ಭೇಟಿ ಪುಸ್ತಕದ ಹದಿನಾರು ಸಾಲುಗಳ ಪಟ್ಟಿ ಇಟ್ಟು ಕಳಿಸಿದೆ. ಒಪ್ಪಂದದಲ್ಲಿ ಎರಡು ಬದಲಾವಣೆ ಕೇಳಿದೆ. ಎಷ್ಟು ಮಕ್ಕಳು ಹೋದರು ಅನ್ನುವ ಬದಲು, ಹೋದ ಮಕ್ಕಳು ಒಂದು ಜನವರಿ ದಾಟಿ ಮನೆಯಲ್ಲೋ ಶಾಲೆಯಲ್ಲೋ ಇದ್ದಾರಾ ಅಂತ ನೋಡೋಣ. ಮತ್ತೆ ನನ್ನ ಫೀಸನ್ನು ಮಕ್ಕಳ ಸಂಖ್ಯೆಯಿಂದ ಬಿಡಿಸಿ ಕೆಲಸ ಮಾಡಿದ ದಿನಕ್ಕೆ ಕಟ್ಟೋಣ. ಪಟ್ಟಿ ನೋಡಿದ ಮೇಲೆ ಆ ಹೆಣ್ಣುಮಗಳು ಒಂದು ವಾರ ಮಾತಾಡಲಿಲ್ಲ. ಆಮೇಲೆ ಮೊದಲನೆಯದಕ್ಕೆ ಒಪ್ಪಿದರು, ಎರಡನೆಯದನ್ನು ಅರ್ಧ ಒಪ್ಪಿದರು. ಅರ್ಧ ಅಂದರೆ ಫೀಸೂ ಅರ್ಧ.

ಅಕ್ಕ ತಂಗಿಯ ವಿಷಯದಲ್ಲಿ ದಾರಿ ತೋರಿಸಿದ್ದು ಅವರಮ್ಮನೇ. ಸಮಿತಿಯ ಮುಂದೆ ಹೇಳಲು ಅವಳು ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಶಕ್ತಿ ಯೋಜನೆ ಇದ್ದದ್ದರಿಂದ ಬಸ್ ಚಾರ್ಜ್ ಉಳಿಯಿತು ಅಂತ ಅದನ್ನೂ ಹೇಳಿದಳು. "ಚಳಿಗಾಲದಾಗ ನಾಕೈದು ತಿಂಗಳು ನೀವು ಇಟ್ಕೊಳ್ರಿ, ಉಳಿದದ್ದು ನಾ ನೋಡ್ಕೋತೀನಿ. ಇದಕ್ಯಾಕ ಇಷ್ಟು ಕಾಗದ?" ಸಮಿತಿಯ ಒಬ್ಬ ಸದಸ್ಯರು ನಕ್ಕುಬಿಟ್ಟರು. ನಮಗೆ ಯಾರಿಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಅಕ್ಕ ಆರನೇ ಕ್ಲಾಸಿನವಳು, ಹಾಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ, ಅಂದರೆ ಹೆಣ್ಣುಮಕ್ಕಳ ಸರ್ಕಾರಿ ವಸತಿ ಶಾಲೆಗೆ, ಪ್ರಯತ್ನಿಸಿದೆವು. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮೂರು ಸಲ ಅಲೆದ ಮೇಲೆ ಜನವರಿಯಲ್ಲಿ ಸೀಟು ಸಿಕ್ಕಿತು. ತಂಗಿಗೆ ಅಲ್ಲಿ ಪ್ರವೇಶ ಇಲ್ಲ, ಅದು ಆರನೇ ಕ್ಲಾಸಿನಿಂದ. ಅವಳು ಸಮಿತಿಯ ಆದೇಶದ ಮೇಲೆ ಸಂಸ್ಥೆಗೇ ವಾಪಸ್ ಬಂದಳು. ಆವತ್ತು ನಾನು ಗೇಟಿನ ಹತ್ತಿರವೇ ಇದ್ದೆ. ಅವಳು ನನ್ನ ಕಡೆ ನೋಡದೆ ಸೀದಾ ಅಡುಗೆ ಮನೆಗೆ ಹೋದಳು. ಪ್ರಾಯೋಜಕತ್ವದ ಮೊದಲ ಹಣವೂ ಅದೇ ತಿಂಗಳು ಖಾತೆಗೆ ಬಿತ್ತು. ಮನೆಗೆ ಹೋದ ಮಗುವಿಗೆ ಅಂತ ಮಂಜೂರಾಗಿದ್ದು, ಮಗು ಮನೆ ಬಿಟ್ಟ ಮೇಲೆ. ಅದನ್ನು ನಿಲ್ಲಿಸಲು ಮತ್ತೆ ಒಂದು ಅರ್ಜಿ.

ಕೊನೆಗೆ ನಿಂತ ಲೆಕ್ಕ

ವರ್ಷ ಮುಗಿದಾಗ 41ರಲ್ಲಿ 13 ಮಕ್ಕಳು ಮನೆಯಲ್ಲಿ ಗಟ್ಟಿಯಾಗಿ ನಿಂತಿದ್ದರು. 6 ಮಕ್ಕಳು ವಸತಿ ಶಾಲೆ, ಹಾಸ್ಟೆಲ್‌ಗಳಲ್ಲಿದ್ದು ರಜೆಗೆ ಮನೆಗೆ ಹೋಗುತ್ತಿದ್ದರು. 22 ಮಕ್ಕಳು ಸಂಸ್ಥೆಯಲ್ಲೇ. ಅರವತ್ತು ಪರ್ಸೆಂಟ್ ಅಂದರೆ 25 ಆಗಬೇಕಿತ್ತು. ಆಗಲಿಲ್ಲ. ಕಂಪನಿ ಇನ್ನೊಂದು ವರ್ಷಕ್ಕೆ ಹಣ ಕೊಟ್ಟಿತು, ಮೊದಲಿಗಿಂತ ಕಡಿಮೆ. ನನಗೆ ಮತ್ತೆ ಕೆಲಸ ಕೊಡಲಿಲ್ಲ. ಕೊನೆಯ ಕಂತು ಟಿಡಿಎಸ್ ಕಳೆದು ಜುಲೈನಲ್ಲಿ ಬಂತು.

ಈ ಕೆಲಸದಲ್ಲಿರುವ ಗೆಳತಿಯರು ಕೇಳಿದಾಗ ನಾನು ಹೇಳೋದು ಇಷ್ಟು. ಮನೆ ಭೇಟಿಯನ್ನು ವರ್ಷಕ್ಕೆ ಎರಡು ಸಲ ಮಾಡಿ, ಒಂದು ಮಳೆಗಾಲಕ್ಕೆ ಮುಂಚೆ, ಒಂದು ಡಿಸೆಂಬರ್ ಜನವರಿಯಲ್ಲಿ. ಎರಡಕ್ಕೆ ದುಡ್ಡಿಲ್ಲ ಅಂದರೆ ಡಿಸೆಂಬರ್‌ನದನ್ನು ಉಳಿಸಿಕೊಳ್ಳಿ. ಬೀಗ ಹಾಕಿದ ಮನೆಯ ಅಕ್ಕಪಕ್ಕದವರು ಹೇಳುವಷ್ಟನ್ನು ತೆರೆದ ಮನೆಯವರು ಹೇಳೋದಿಲ್ಲ. ಪ್ರಾಯೋಜಕತ್ವದ ಹಣ ಒಂದು ತಿಂಗಳಾದರೂ ಖಾತೆಗೆ ಬಿದ್ದ ಮೇಲೆ ಮಗುವನ್ನು ಕಳಿಸಿ. ಮಗುವಿಗೆ ಯಾರ ಫೋನ್ ನಂಬರ್ ಬಾಯಿಗೆ ಬರುತ್ತದೆ ಅಂತ ಕೇಳಿ, ಆ ಮನುಷ್ಯರನ್ನು ಯೋಜನೆಯೊಳಗೆ ತನ್ನಿ. ನಮ್ಮ ಅಡುಗೆಯಮ್ಮ ಒಂದು ಸಭೆಗೂ ಬಂದವರಲ್ಲ, ನಾವು ಕರೆದೂ ಇರಲಿಲ್ಲ. ಒಪ್ಪಂದದ ವಿಷಯ ಹೇಳಬೇಕೆಂದರೆ, ಮಕ್ಕಳ ಸಂಖ್ಯೆಗೆ ಫೀಸು ಕಟ್ಟಿದ ಕಾಗದಕ್ಕೆ ಈಗ ಸಹಿ ಹಾಕುವುದಿಲ್ಲ. ಎರಡು ಕೆಲಸ ಹಾಗೆ ಬಿಟ್ಟಿದ್ದೇನೆ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ಹಾಗಾಗಿ ಬಿಡೋದು ಈಗ ಸುಲಭ. ಆಗ ಬಿಡುತ್ತಿದ್ದೆನಾ ಗೊತ್ತಿಲ್ಲ.

ಟ್ರಸ್ಟ್‌ನವರು ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನ ಹಾಸ್ಟೆಲ್ ನಡೆಸಲು ಅರ್ಜಿ ಹಾಕಿದ್ದಾರೆ, ಗುಳೆ ಹೋಗುವವರ ಮಕ್ಕಳಿಗೆ ಅಂತಲೇ ಇರುವ ಹಾಸ್ಟೆಲ್ ಅದು. ಈ ಸಲ ಅರ್ಜಿ ಬರೆದಿದ್ದು ಕಾರ್ಯದರ್ಶಿಯೇ. ಚೆನ್ನಾಗಿ ಬರೆದಿದ್ದರು. ಫೈಲು ಇನ್ನೂ ಮೇಜಿಂದ ಮೇಜಿಗೆ ಓಡಾಡುತ್ತಿದೆ.

ಕಳೆದ ಸಲ ಆ ಕಡೆ ಹೋಗಿದ್ದಾಗ ಸಂಸ್ಥೆಗೂ ಹೋಗಿ ಬಂದೆ. ಭೇಟಿ ಪುಸ್ತಕದಲ್ಲಿ ವಾರ್ಡನ್ ಸ್ಕೇಲಿಟ್ಟು ಗೆರೆ ಎಳೆದು ಎರಡು ಹೊಸ ಖಾನೆ ಮಾಡಿದ್ದಾರೆ: ಎಲ್ಲಿಗೆ ಹೋಗ್ತೀರಿ, ಯಾವಾಗ ಬರ್ತೀರಿ. ಆ ಅಮ್ಮನ ಹೆಬ್ಬೆಟ್ಟಿನ ಪಕ್ಕ ಬೆಂಗಳೂರು, ಯುಗಾದಿ ಅಂತ ಬರೆದಿತ್ತು. ತಂಗಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ನನ್ನನ್ನು ನೋಡಿ ಆಟ ನಿಲ್ಲಿಸಿ, "ಅಕ್ಕಾರ, ಯಾರನ್ನ ಕರ್ಕೊಂಡ್ ಹೋಗಾಕ ಬಂದೀರಿ?" ಅಂತ ಕೇಳಿದಳು. ಯಾರನ್ನೂ ಇಲ್ಲ, ಸುಮ್ನೆ ಬಂದೆ ಅಂದೆ. ಅವಳು ಒಂದು ಕ್ಷಣ ನೋಡಿ ಮತ್ತೆ ಬಿಲ್ಲೆ ಎಸೆದಳು.